ಹೊಗೆಯೂ ಹೊಣೆಯೂ

ಒಬ್ಬ ಮನುಷ್ಯನು ಇನ್ನೊಬ್ಬನಿಗೆ ಕೇಡು ಮಾಡುವ ಮಾರ್ಗಗಳು ಹಲವಿದ್ದರೂ ಅವನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕೈಯಿಂದ ಆಗತಕ್ಕ ಕೇಡು. ಇದರಲ್ಲಿ ಹೊಡೆದವನು ಯಾರು, ಹೊಡೆತ ತಿಂದವನು ಯಾರು, ಗಾಯವೆಲ್ಲಿ ಎಂಬ ಮೂರು ಸಂಗತಿಗಳೂ ಕಣ್ಣಿಗೆ ಕಾಣುವುವು. ಎರಡನೆಯದು ಗಾಳಿಯಿಂದ ಆಗತಕ್ಕ ಕೇಡು. ಇಲ್ಲಿ ಕೇಡನ್ನು ಕಳುಹಿಸಿದವನಿಗೆ ಅದು ಯಾರ ಮನೆಯನ್ನು ಸೇರಿತೆಂದು ತಿಳಿಯದು. ಪಡೆದವನಿಗೆ ಅದು ಯಾರಿಂದ ಬಂದಿತೆಂದು ತಿಳಿಯದು. ನಡುವೆ ಹೊತ್ತು ತಂದ ಗಾಳಿಯನ್ನು ಸಾಕ್ಷಿಗೆ ಕರೆಯುವಂತಿಲ್ಲ. ಲೋಕದ ನ್ಯಾಯಪದ್ಧತಿಗಳು ಬಹುಮಟ್ಟಿಗೆ ಮೊದಲನೆಯ ಬಗೆಯ ಕೇಡನ್ನು ಎದುರಿಗಿಟ್ಟುಕೊಂಡು ಬೆಳೆದು ಬಂದಿವೆ. ಈಗಿನ ಕಾಲದಲ್ಲಿಯಾದರೋ ಎರಡನೆಯ ಬಗೆಯ ಕೇಡೇ ಹೆಚ್ಚುತ್ತಿರುವುದು. ಹೊಗೆಯನ್ನೋ ವಿಷದ ಹನಿಯನ್ನೋ ಉಸಿರಿನೊಡನೆ ಒಳಗೆ ತೆಗೆದುಕೊಂಡು ಆರೋಗ್ಯವನ್ನು ಕಳೆದುಕೊಂಡವನು ನ್ಯಾಯಸ್ಥಾನದ ಬಾಗಿಲಿಗೆ ಬಂದು ಪರಿಹಾರ ಕೇಳಿದರೆ, ಯಾರು ಕೊಡಬೇಕು, ಯಾವ ಪುರಾವೆಯ ಮೇಲೆ ಕೊಡಬೇಕು, ಕೊಡತಕ್ಕದ್ದಾದರೂ ಏನು? ಈ ಮೂರು ಪ್ರಶ್ನೆಗಳು ವಕೀಲರಿಗೆ ಮಾತ್ರ ಸೇರಿದುವೆಂದು ತಳ್ಳಿಬಿಡುವಂತಿಲ್ಲ. ಒಲೆ ಹೊತ್ತಿಸುವ ಪ್ರತಿಯೊಂದು ಮನೆಗೂ ಇವು ಸಂಬಂಧಪಟ್ಟಿವೆ.

ಉಜಿರೆಯ ಸುತ್ತಣ ಸೀಮೆಗೆ ಈ ವಿಚಾರ ದೂರದ್ದಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳ ಗುಡ್ಡೆಗಳಲ್ಲಿ ಗೇರುತೋಪುಗಳಿವೆ. ಗೇರಿನ ಎಳೆಯ ಚಿಗುರನ್ನೂ ಹೂವನ್ನೂ ಚಹಾಸೊಳ್ಳೆಯೆಂಬ ತಿಗಣೆಜಾತಿಯ ಕೀಟವು ಹೀರಿ ಒಣಗಿಸುವುದು. ಅದನ್ನು ಕೊಲ್ಲುವುದಕ್ಕಾಗಿ ಸುಮಾರು 1980ರಿಂದ 2000ದ ವರೆಗೆ ಸರಕಾರದ್ದೇ ಆದ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗಡಿಯಾಚೆ ಕಾಸರಗೋಡಿನಲ್ಲಿಯೂ ಇದೇ ಕಾಲದಲ್ಲಿ ಕೇರಳದ ತೋಟಗಾರಿಕಾ ನಿಗಮವು ಸುಮಾರು 4,600 ಹೆಕ್ಟೇರು ಗೇರುನೆಲಕ್ಕೆ ಇದೇ ವಿಷವನ್ನು ಆಕಾಶದಿಂದಲೇ ಸುರಿಸಿತು. ನೆಲದ ಸ್ವರೂಪವನ್ನು ಬಲ್ಲವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಳುನಾಡಿನ ಗೇರು ಗುಡ್ಡೆಯ ನೆತ್ತಿಯಲ್ಲಿ. ಮನೆ, ಅಡಕೆತೋಟ, ಬಾವಿ, ಕೆರೆಗಳು ಕಣಿವೆಯಲ್ಲಿ. ಬಯಲುಸೀಮೆಯ ಹತ್ತಿಹೊಲದ ಮೇಲೆ ಹಾರುವಂತೆ ಇಲ್ಲಿ ಮರದ ನೆತ್ತಿಯನ್ನು ಒತ್ತಿ ಹಾರುವುದು ಸಾಧ್ಯವಿಲ್ಲ. ಎತ್ತರದಿಂದ ಬಿಟ್ಟ ಮಂಜು ಗಾಳಿಗೆ ಸಿಕ್ಕಿ ಕಣಿವೆಗಿಳಿಯದೆ ಇರಲಾರದು. ಅದು ಬೆಂಕಿಯಿಂದ ಹುಟ್ಟಿದ ಹೊಗೆಯಲ್ಲವೆಂಬುದು ನಿಜ. ಆದರೆ ಕಣಿವೆಯ ಮನೆಯವರಿಗೆ ಅದು ಹೊಗೆಯಂತೆಯೇ ಬಂದಿತು, ಹೊಗೆಯಂತೆಯೇ ಉಸಿರನ್ನು ಹೊಕ್ಕಿತು, ಹೊಗೆಯಂತೆಯೇ ಗುರುತಿಲ್ಲದೆ ಹೋಯಿತು.

ಗುರುತು ಉಳಿದುದು ಮನೆಗಳೊಳಗೆ. ಕೈಕಾಲು ಸೊಟ್ಟಾದ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಚರ್ಮರೋಗ, ಗರ್ಭಪಾತ—ಇವು ಒಂದೊಂದು ಮನೆಯಲ್ಲಿ ವಿಧಿಯೆಂದು ತೋರಿ, ಊರಿನ ಮನೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೇರೆಯೇ ಅರ್ಥವನ್ನು ಕೊಟ್ಟುವು. ಹಾಗೆ ಒಟ್ಟುಗೂಡಿಸಿ ನೋಡಿದವರು ದೊಡ್ಡ ಸಂಸ್ಥೆಗಳ ಪಂಡಿತರಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರೂ ಅದೇ ಊರಿನ ಪತ್ರಿಕಾಕರ್ತರಾದ ಶ್ರೀ ಪಡ್ರೆಯವರೂ ಈ ಸಂಗತಿಯನ್ನು ಲೋಕದ ಮುಂದಿಟ್ಟರು. ಪೆರಿಯದಲ್ಲಿ ತೋಪಿನ ಸಮೀಪ ಮನೆಯಿದ್ದ ಲೀಲಾಕುಮಾರಿಯಮ್ಮನವರು, ಕೃಷಿ ಇಲಾಖೆಯ ನೌಕರಿಯಲ್ಲಿದ್ದವರು, 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಲ್ಲಿ ದಾವೆ ಹೂಡಿ ಆಕಾಶಮಾರ್ಗದ ಸಿಂಪಡಣೆಗೆ ತಡೆಯಾಜ್ಞೆಯನ್ನು ಪಡೆದರು. ಇದಾದ ಹದಿಮೂರು ವರ್ಷಗಳ ಮೇಲೆ, 2011ರ ಮೇ 13ರಂದು, ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಈ ವಿಷದ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಹೆಂಗಸು ಹೇಳಿದ ಮಾತು ಅತ್ಯಂತ ಮೇಲಿನ ಮೆಟ್ಟಿಲನ್ನು ಮುಟ್ಟುವುದಕ್ಕೆ ಅಷ್ಟು ಕಾಲ ಹಿಡಿಯಿತು.

ಈ ಬಗೆಯ ದಾವೆಗಳಲ್ಲಿ ಎದುರಾಳಿಯು ಹೂಡುವ ಮೊದಲನೆಯ ಆಕ್ಷೇಪ ಪುರಾವೆಯದು. "ಈ ಮಗುವಿನ ವ್ಯಾಧಿಗೆ ಈ ವಿಷವೇ ಕಾರಣವೆಂದು ತೋರಿಸಿರಿ" ಎಂದು ಅವನು ಕೇಳುವನು. ಕೇಳಿದ್ದು ತಪ್ಪೆನ್ನಲಾಗದು, ಆಧಾರವಿಲ್ಲದೆ ಯಾರನ್ನೂ ಹೊಣೆಗಾರನನ್ನಾಗಿ ಮಾಡಬಾರದೆಂಬುದು ನ್ಯಾಯದ ಮೊದಲ ಪಾಠ. ಆದರೆ ಇಲ್ಲಿರುವ ತೊಡಕನ್ನು ನಮ್ಮ ತರ್ಕಶಾಸ್ತ್ರದ ಅತಿ ಪ್ರಸಿದ್ಧವಾದ ಉದಾಹರಣೆಯಿಂದಲೇ ತಿಳಿಯಬಹುದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸಬಹುದೆಂದು ನೈಯಾಯಿಕರು ಹೇಳುವರು. ಅದು ಹೇಗೆಂದರೆ, ಬೆಂಕಿಯಿಲ್ಲದೆ ಹೊಗೆ ಎಲ್ಲಿಯೂ ಇಲ್ಲ. ಈ ತಪ್ಪದ ಸಂಬಂಧವೇ ವ್ಯಾಪ್ತಿ. ತಿರುಗಿಸಿ ಹೇಳಿದರೆ ಮಾತು ನಿಲ್ಲದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂದಿಲ್ಲ, ಕಾಯಿಸಿ ಕೆಂಪಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಬೆಂಕಿಯೊಡನೆ ಹಸಿಸೌದೆಯೂ ಸೇರಬೇಕು. ಅದನ್ನು ಅವರು ಉಪಾಧಿಯೆಂದು ಕರೆದರು.

ರೋಗದ ವಿಷಯದಲ್ಲಿ ನ್ಯಾಯಾಧೀಶನು ಹೊಗೆಯಿಂದ ಬೆಂಕಿಗೆ ಹೋಗುವಷ್ಟು ಸುಲಭವಾಗಿ ಕೆಮ್ಮಿನಿಂದ ಹೊಗೆಗೆ ಹೋಗಲಾರನು. ಕೆಮ್ಮಿಗೆ ಹೊಗೆಯಲ್ಲದೆ ಬೇರೆ ನೂರು ಕಾರಣಗಳುಂಟು. ಹೊಗೆ ಕುಡಿದವರಿಗೆಲ್ಲ ಕೆಮ್ಮು ಬರುವುದೂ ಇಲ್ಲ. ಒಬ್ಬನ ಶ್ವಾಸಕೋಶ ಕಾದ ಕಬ್ಬಿಣದಂತೆ, ಇನ್ನೊಬ್ಬನದು ಹಸಿಸೌದೆಯಂತೆ. ಮುದುಕರು, ಮಕ್ಕಳು, ಬಸುರಿಯರು, ಮೊದಲೇ ಉಬ್ಬಸವುಳ್ಳವರು ಬೇಗನೆ ಬೀಳುವರು. ಇದನ್ನೇ ಹಿಡಿದು ಎದುರಾಳಿಯು, "ಗಟ್ಟಿಮುಟ್ಟಾದವನಿಗೆ ಏನೂ ಆಗಲಿಲ್ಲ, ಆದುದರಿಂದ ದೋಷ ಹೊಗೆಯದಲ್ಲ, ದುರ್ಬಲ ದೇಹದ್ದು" ಎಂದು ವಾದಿಸುವುದುಂಟು. ಉಪಾಧಿಯನ್ನೇ ಕಾರಣವೆಂದು ತೋರಿಸುವ ಈ ಚಾತುರ್ಯ ನಿಲ್ಲತಕ್ಕದ್ದಲ್ಲ. ಹಸಿಸೌದೆ ತಾನಾಗಿ ಹೊಗೆಯಾಡದು, ಬೆಂಕಿಯಿಟ್ಟವನಿರಬೇಕು. ದುರ್ಬಲರು ಪ್ರತಿಯೊಂದು ಊರಿನಲ್ಲಿಯೂ ಇದ್ದೇ ಇರುವರೆಂದು ತಿಳಿದೂ ಬೆಂಕಿಯಿಟ್ಟವನಿಗೆ ಅವರ ದೌರ್ಬಲ್ಯವನ್ನು ನೆಪವಾಗಿ ಹೇಳಿಕೊಳ್ಳುವ ಅಧಿಕಾರ ಎಲ್ಲಿಂದ ಬಂದಿತು?

ಇಷ್ಟಾದರೂ ಒಂದು ನಿಜವಾದ ಕಷ್ಟ ಉಳಿಯುವುದು. ಒಂದು ಊರಿನಲ್ಲಿ ಸಾಮಾನ್ಯವಾಗಿ ಹತ್ತು ಮಕ್ಕಳಿಗೆ ಬರತಕ್ಕ ವ್ಯಾಧಿ ಮೂವತ್ತು ಮಕ್ಕಳಿಗೆ ಬಂದಿತೆಂದು ಭಾವಿಸೋಣ. ಇಪ್ಪತ್ತು ಮಕ್ಕಳ ಕೇಡು ವಿಷದಿಂದಲೇ ಆದುದೆಂದು ಲೆಕ್ಕ ಹೇಳುವುದು. ಆ ಇಪ್ಪತ್ತು ಮಕ್ಕಳು ಯಾರೆಂದು ಮಾತ್ರ ಹೇಳದು. ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರೆ ಮೂವತ್ತು ಮಂದಿಯೂ ಪುರಾವೆ ಸಾಲದೆ ಹಿಂದಿರುಗಬೇಕಾದೀತು. ಹೀಗೆ, ಅಪರಾಧವು ದೊಡ್ಡದಾದಷ್ಟೂ, ಹೆಚ್ಚು ಜನಕ್ಕೆ ಹರಡಿದಷ್ಟೂ, ಅಪರಾಧಿಗೆ ಹೆಚ್ಚು ಕ್ಷೇಮವೆಂದಾಗುವುದು. ಎಂಡೋಸಲ್ಫಾನಿನ ವಿಷಯದಲ್ಲಿಯೂ ಒಂದು ಸಮಿತಿಯು ಸಂಬಂಧ ಉಂಟೆಂದಿತು, ಮತ್ತೊಂದು ಸಂಬಂಧ ಸಿದ್ಧವಾಗಲಿಲ್ಲವೆಂದಿತು. ಪಂಡಿತರ ಈ ಜಗಳದ ನಡುವೆ ವರ್ಷಗಳು ಉರುಳಿದುವು.

ಇದಕ್ಕೆ ಪರಿಹಾರವನ್ನು ಹುಡುಕುವುದಾದರೆ ದಂಡನೆಯನ್ನೂ ನೆರವನ್ನೂ ಬೇರೆಬೇರೆಯಾಗಿ ಕಾಣಬೇಕು. ಒಬ್ಬನನ್ನು ಸೆರೆಮನೆಗೆ ಕಳುಹಿಸಬೇಕಾದರೆ ಸಂಶಯಕ್ಕೆ ಎಡೆಯಿರಬಾರದು. ತಪ್ಪಿದರೆ ನಿರಪರಾಧಿಯ ಬಾಳು ಹಾಳಾಗುವುದು. ಪರಿಹಾರ ಕೊಡುವಲ್ಲಿ ಅಷ್ಟೇ ಬಿಗಿಯಾದ ಅಳತೆಗೋಲನ್ನು ಹಿಡಿಯುವುದು ನ್ಯಾಯವೆನಿಸದು. ಅಲ್ಲಿ ಎರಡು ಬಗೆಯ ತಪ್ಪುಗಳು ಸಂಭವಿಸುವುವು. ವಿಷದಿಂದಲ್ಲದೆ ಕಾಯಿಲೆ ಬಿದ್ದ ಹತ್ತು ಮಕ್ಕಳಿಗೂ ಹಣ ಸಂದೀತು. ಇದು ಒಂದು ತಪ್ಪು. ವಿಷದಿಂದಲೇ ಕೆಟ್ಟ ಇಪ್ಪತ್ತು ಮಕ್ಕಳಿಗೆ ಏನೂ ಸಿಗದೆ ಹೋದೀತು. ಇದು ಇನ್ನೊಂದು ತಪ್ಪು. ಎರಡರಲ್ಲೊಂದು ತಪ್ಪನ್ನು ಮಾಡಲೇಬೇಕಾಗಿ ಬಂದರೆ ಮೊದಲನೆಯದನ್ನು ಮಾಡುವುದು ಧರ್ಮ. ರೋಗಿಯಾದ ಮಗುವಿಗೆ ಲೆಕ್ಕಕ್ಕಿಂತ ಹೆಚ್ಚಾಗಿ ಸಂದ ನೆರವಿನಿಂದ ಲೋಕಕ್ಕೆ ಕೇಡಿಲ್ಲ. ಇದಲ್ಲದೆ, ಸಂಶಯದ ಭಾರವನ್ನು ಯಾರು ಹೊರಬೇಕೆಂಬುದೂ ಉಂಟು. ಏನನ್ನು, ಎಷ್ಟನ್ನು, ಯಾವಾಗ ಸುರಿದೆವೆಂಬ ಲೆಕ್ಕದ ಪುಸ್ತಕ ಸುರಿದವನ ಕೈಯಲ್ಲಿದೆ. ಕಣಿವೆಯವನ ಕೈಯಲ್ಲಿ ಮಗುವಿನ ಹೊರತು ಬೇರೇನೂ ಇಲ್ಲ. 1996ರಲ್ಲಿ ವೆಲ್ಲೂರಿನ ತೊಗಲು ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತನ್ನ ಕೆಲಸದಿಂದ ಪರಿಸರಕ್ಕೆ ಕೇಡಿಲ್ಲವೆಂದು ತೋರಿಸಿಕೊಡುವ ಭಾರ ಆ ಕೆಲಸವನ್ನು ನಡೆಸುವವನದೇ ಎಂಬ ತತ್ತ್ವವನ್ನು ಒಪ್ಪಿತು. ವಿವೇಕಿಗಳು ಒಪ್ಪತಕ್ಕ ಮಾತು ಇದು.

ಎರಡನೆಯ ಆಕ್ಷೇಪವು ಉದ್ದೇಶದ್ದು. ಗೇರುಬೀಜದಿಂದ ನಾಡಿಗೆ ಪರದೇಶದ ಹಣ ಬಂದಿತು, ಬಡವರಿಗೆ ಕೂಲಿ ದೊರೆಯಿತು, ಕೀಟವನ್ನು ಕೊಲ್ಲುವುದೇ ಉದ್ದೇಶವಾಗಿತ್ತು, ಮನುಷ್ಯರನ್ನು ನೋಯಿಸಬೇಕೆಂದು ಯಾರೂ ಎಣಿಸಿರಲಿಲ್ಲ—ಎಂದು ಹೇಳುವುದುಂಟು. ಇದು ಸತ್ಯವಾದ ಮಾತು. ಆದರೆ ಉತ್ತರವಾಗದ ಮಾತು. ಪಾಪದ ವಿಚಾರಕ್ಕೆ ಉದ್ದೇಶ ಮುಖ್ಯ. ಹೊಣೆಯ ವಿಚಾರಕ್ಕೆ ಅದೊಂದೇ ಸಾಲದು. ತನ್ನ ನೆಲದಲ್ಲಿ ಅಪಾಯದ ವಸ್ತುವನ್ನು ಕೂಡಿಟ್ಟವನು ಅದು ತಪ್ಪಿಸಿಕೊಂಡು ನೆರೆಯವನಿಗೆ ಕೇಡು ಮಾಡಿದರೆ ತೆರಬೇಕೆಂದು ಇಂಗ್ಲೆಂಡಿನಲ್ಲಿ 1868ರಷ್ಟು ಹಿಂದೆಯೇ ತೀರ್ಮಾನವಾಗಿತ್ತು. ಆದರೆ ಆ ನಿಯಮಕ್ಕೆ ಹಲವು ವಿನಾಯಿತಿಗಳಿದ್ದುವು. ಭೋಪಾಲದಲ್ಲಿ 1984ರ ಡಿಸೆಂಬರ್ 2-3ರ ರಾತ್ರಿ ವಿಷವಾಯು ಹರಿದು ಸಾವಿರಾರು ಜನ ಸತ್ತರು. ಮರುವರ್ಷ ದೆಹಲಿಯ ಒಂದು ಕಾರ್ಖಾನೆಯಿಂದ ಓಲಿಯಂ ಎಂಬ ಆಮ್ಲದ ಹೊಗೆ ಹೊರಬಿದ್ದಿತು. ಆ ಮೊಕದ್ದಮೆಯಲ್ಲಿ 1986ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠವು, ಅಪಾಯಕರವಾದ ಉದ್ಯಮವನ್ನು ಲಾಭಕ್ಕಾಗಿ ನಡೆಸುವವನು ಅದರಿಂದಾದ ಹಾನಿಗೆ ಯಾವ ವಿನಾಯಿತಿಯೂ ಇಲ್ಲದೆ ಪೂರ್ಣ ಹೊಣೆಗಾರನೆಂದು ಸಾರಿತು. ಎಚ್ಚರಿಕೆ ವಹಿಸಿದ್ದೆನೆಂದು ಹೇಳಿದರೂ ಬಿಡುಗಡೆಯಿಲ್ಲ. ಫಲವನ್ನು ಉಣ್ಣುವವನೇ ಹೊಗೆಯನ್ನೂ ಹೊರಬೇಕು. ಫಲವೊಬ್ಬನಿಗೆ, ಹೊಗೆಯೊಬ್ಬನಿಗೆ ಎಂಬ ಹಂಚಿಕೆ ಯಾವ ಲೋಕದಲ್ಲಿಯೂ ನ್ಯಾಯವಲ್ಲ.

ಹಾಗಾದರೆ ತೆರುವವನು ಯಾರು? 2017ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯವು ಕಾಸರಗೋಡಿನ ಪೀಡಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಆ ಹಣವನ್ನು ವಿಷ ತಯಾರಿಸಿದ ಕಂಪೆನಿಗಳಿಂದ ವಸೂಲು ಮಾಡಿಕೊಳ್ಳುವ ಅವಕಾಶವನ್ನೂ ಸರಕಾರಕ್ಕೆ ಬಿಟ್ಟಿತು. ಬೊಕ್ಕಸದ ಹಣವೆಂದರೆ ಪ್ರಜೆಗಳ ಹಣ. ಪೀಡಿತನು ಬೆಂಕಿಪೆಟ್ಟಿಗೆಗೆ ತೆತ್ತ ಸುಂಕವೂ ಅದರಲ್ಲಿ ಸೇರಿದೆ. ಇದರಲ್ಲಿ ಒಂದಂಶ ನ್ಯಾಯವೂ ಇಲ್ಲದಿಲ್ಲ. ಧರ್ಮಶಾಸ್ತ್ರಜ್ಞರು ಮಾಡಿದವನೊಡನೆ ಮಾಡಿಸಿದವನನ್ನೂ ಪ್ರೇರಿಸಿದವನನ್ನೂ ಅನುಮೋದಿಸಿದವನನ್ನೂ ಫಲಭಾಗಿಗಳೆಂದು ಎಣಿಸಿದರು. ಗೇರುಬೀಜವನ್ನು ಪಾಯಸಕ್ಕೆ ಹಾಕಿ ಉಂಡವರೂ, ಹೆಲಿಕಾಪ್ಟರು ಹಾರುವಾಗ ನೋಡಿ ಸುಮ್ಮನಿದ್ದವರೂ ಒಂದು ಬಗೆಯ ಅನುಮೋದಕರೇ. ಆದರೆ ಅನುಮೋದಕನ ಮೇಲೆ ಕರ್ತೃವಿನ ಭಾರವನ್ನೆಲ್ಲ ಹೊರಿಸಿ ಕರ್ತೃವನ್ನು ಮನೆಗೆ ಕಳುಹಿಸುವುದು ಶಾಸ್ತ್ರದ ಅಭಿಪ್ರಾಯವಲ್ಲ. ಪೀಡಿತನಿಗೆ ಕೂಡಲೇ ಕೊಡತಕ್ಕವನು ರಾಜ್ಯ. ಕೊಟ್ಟ ಮೇಲೆ ಲಾಭ ಪಡೆದವನ ಬಾಗಿಲನ್ನು ತಟ್ಟತಕ್ಕದ್ದೂ ರಾಜ್ಯವೇ. ಎರಡನೆಯದನ್ನು ಬಿಟ್ಟರೆ ಮೊದಲನೆಯದು ದಾನವಾಗುವುದು, ನ್ಯಾಯವಾಗದು.

ಕೊಕ್ಕಡದ ಕಡೆಯ ಕಥೆಯಲ್ಲಿ ಇನ್ನೊಂದು ವಿಚಿತ್ರವುಂಟು. ವಿಷ ಒಂದೇ, ಬೆಳೆ ಒಂದೇ, ಕಾಲ ಒಂದೇ, ಗಾಳಿಯೂ ಒಂದೇ. ಕರ್ನಾಟಕದಲ್ಲಿ ಈ ಮೂರು ಗ್ರಾಮಗಳ ಪೀಡಿತರಿಗೆ 2010ರಲ್ಲಿ ತಲಾ 50,000 ರೂಪಾಯಿ ಸಂದಿತು. ಮುಂದೆ ಉಚ್ಚ ನ್ಯಾಯಾಲಯದಲ್ಲಿ ವಿಷಯ ವಿಚಾರಣೆಗೆ ಬಂದು, ಅಂಗವೈಕಲ್ಯದ ಶೇಕಡಾ ಪ್ರಮಾಣಕ್ಕೆ ತಕ್ಕಂತೆ ಮಾಸಾಶನ, ಚಿಕಿತ್ಸೆ, ಹಗಲುಹೊತ್ತಿನ ಪಾಲನೆಯ ಕೇಂದ್ರಗಳು ಏರ್ಪಟ್ಟುವು. ಕೇರಳದವರಿಗೆ ಗೊತ್ತಾದಷ್ಟು ಮೊತ್ತ ತಮಗೂ ಸಲ್ಲಬೇಕೆಂದು ಇಲ್ಲಿಯವರು ಕೇಳುತ್ತ ಬಂದಿದ್ದಾರೆ. ಮಂಜು ಗಡಿಕಲ್ಲನ್ನು ನೋಡಿ ನಿಲ್ಲಲಿಲ್ಲ. ಪರಿಹಾರ ಮಾತ್ರ ಗಡಿಕಲ್ಲಿನ ಆಚೆಗೊಂದು, ಈಚೆಗೊಂದು ಎಂದಾಯಿತು. ಶೇಕಡಾ ಲೆಕ್ಕವೂ ಆಡಳಿತಕ್ಕೆ ಬೇಕಾದುದೇ ಸರಿ. ಆದರೆ ಒಂದು ಅಂಕೆ ಕಡಿಮೆಯಾದ ಕಾರಣದಿಂದ ಪಟ್ಟಿಯ ಹೊರಗೆ ನಿಂತ ಮಗುವಿನ ತಾಯಿಗೆ ಆ ಅಂಕೆಯ ಅರ್ಥವೇನೆಂದು ವಿವರಿಸುವುದು ಯಾವ ಅಧಿಕಾರಿಗೂ ಸುಲಭವಲ್ಲ.

ನಗರಗಳ ಹೊಗೆಯ ವಿಷಯಕ್ಕೆ ಬಂದರೆ ಕರ್ತೃವನ್ನು ಗುರುತಿಸುವುದೇ ಇನ್ನಷ್ಟು ಕಷ್ಟವಾಗುವುದು. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2018ರ ಜನವರಿ 19ರಂದು ಬೆಂಕಿ ಬಿದ್ದು, ಸೈನಿಕರು ಬಂದು ಆರಿಸಬೇಕಾಯಿತು. ನೀರು ಹೊತ್ತಿಕೊಂಡುದು ಪುರಾಣದ ಕಥೆಯಂತೆ ತೋರೀತು. ಆದರೆ ಕೆರೆಯಲ್ಲಿ ನೀರಿಗಿಂತ ಹೆಚ್ಚಾಗಿ ಇದ್ದುದು ಕಳೆ, ಕೊಚ್ಚೆ, ಕಸ. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರಾಜ್ಯಕ್ಕೆ 50 ಕೋಟಿ, ನಗರಪಾಲಿಕೆಗೆ 25 ಕೋಟಿ ರೂಪಾಯಿ ತೆರಿಸಿತು. ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ 2023ರ ಮಾರ್ಚ್ 2ರಂದು ಬೆಂಕಿ ಬಿದ್ದು, ಹತ್ತು ದಿನಕ್ಕೂ ಮಿಕ್ಕಿ ನಗರವೆಲ್ಲ ಹೊಗೆಯಲ್ಲಿ ಮುಳುಗಿದಾಗ ಅದೇ ನ್ಯಾಯಮಂಡಳಿಯು ಅಲ್ಲಿಯ ಪಾಲಿಕೆಗೆ 100 ಕೋಟಿ ವಿಧಿಸಿ, ಪೀಡಿತರ ಆರೋಗ್ಯಕ್ಕೂ ಅದನ್ನು ಬಳಸಬೇಕೆಂದಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2018ರ ನವೆಂಬರಿನಲ್ಲಿ ವಿದ್ಯುತ್ ಕಂಪೆನಿಯ ತಂತಿಯಿಂದ ಹುಟ್ಟಿದ ಕಾಡುಕಿಚ್ಚು ಪ್ಯಾರಡೈಸ್ ಎಂಬ ಊರನ್ನು ಸುಟ್ಟು 85 ಜನರನ್ನು ಕೊಂದಿತು. ಅದರ ಹೊಗೆ ಬಹುದೂರದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಮುಚ್ಚಿ ಶಾಲೆಗಳಿಗೆ ರಜೆ ಕೊಡಿಸಿತು. ಆ ಕಂಪೆನಿ ತನ್ನ ಅಪರಾಧವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಹಲವು ಬೆಂಕಿಗಳ ಸಂತ್ರಸ್ತರಿಗಾಗಿ 1,350 ಕೋಟಿ ಡಾಲರಿನ ಒಪ್ಪಂದಕ್ಕೆ ಬಂದಿತು. ಮನೆ ಸುಟ್ಟವನ ನಷ್ಟವನ್ನು ಎಣಿಸಬಹುದು. ನೂರಾರು ಮೈಲಿಯಾಚೆ ಆ ಹೊಗೆಯನ್ನು ಕುಡಿದ ಮುದುಕನ ಆಯುಸ್ಸಿನಲ್ಲಿ ಎಷ್ಟು ದಿನ ಸವೆಯಿತೆಂದು ಎಣಿಸುವವರು ಯಾರು?

ಬೆಳ್ಳಂದೂರಿನ ಉದಾಹರಣೆಯಲ್ಲಿ ಒಂದು ಕಹಿಯಾದ ಸತ್ಯವಡಗಿದೆ. ಆ ಕೆರೆಗೆ ಹರಿದ ಸಾಬೂನುನೀರು ಲಕ್ಷ ಲಕ್ಷ ಮನೆಗಳದು. ಹೊಗೆ ಕುಡಿದವರೂ ಅದೇ ಮನೆಗಳವರೇ. ಎಲ್ಲರೂ ಹೊಣೆಯೆಂದು ಹೇಳಿದರೆ ಯಾರೂ ಹೊಣೆಯಲ್ಲವೆಂದು ಹೇಳಿದಂತೆಯೇ ಆಗುವುದೆಂಬ ಭಯವುಂಟು. ಆದುದರಿಂದ ಹೊಣೆಯನ್ನು ತಲೆಯೆಣಿಕೆಯಿಂದ ಹಂಚಕೂಡದು. ತಡೆಯುವ ಶಕ್ತಿ ಯಾರಿಗೆ ಎಷ್ಟಿತ್ತೋ ಅಷ್ಟಷ್ಟು ಹಂಚಬೇಕು. ಬಚ್ಚಲಿನ ನೀರು ಮೋರಿಗೆ ಹೋದ ಮೇಲೆ ಎಲ್ಲಿಗೆ ಹೋಗುವುದೆಂದು ಗೃಹಸ್ಥನು ತಿಳಿದಿದ್ದರೂ ಅದನ್ನು ಒಂಟಿಯಾಗಿ ತಿರುಗಿಸಲಾರನು. ಶುದ್ಧೀಕರಣದ ಘಟಕ ಕಟ್ಟಬಲ್ಲ ಪಾಲಿಕೆ, ಕೆರೆಯ ಅಂಚಿನಲ್ಲಿ ಮಾಳಿಗೆಗಳಿಗೆ ಅನುಮತಿ ಕೊಟ್ಟ ಅಧಿಕಾರಿ—ಇವರ ಪಾಲು ದೊಡ್ಡದು. ಗೃಹಸ್ಥನ ಪಾಲು ಸಣ್ಣದು, ಸೊನ್ನೆಯಲ್ಲ.

ಇನ್ನು ಕಾಲದ ವಿಚಾರ. 2010ರ ಹಸಿರು ನ್ಯಾಯಮಂಡಳಿಯ ಕಾಯಿದೆಯಲ್ಲಿ ಪರಿಹಾರದ ಅರ್ಜಿಗೆ, ಕಾರಣವು ಮೊದಲು ಹುಟ್ಟಿದಂದಿನಿಂದ ಐದು ವರ್ಷದ ಅವಧಿಯನ್ನೂ ತಕ್ಕ ಕಾರಣವಿದ್ದರೆ ಅರುವತ್ತು ದಿನಗಳ ವಿನಾಯಿತಿಯನ್ನೂ ಇಟ್ಟಿದ್ದಾರೆ. ಹಳೆಯ ಜಗಳಗಳಿಗೆ ಕೊನೆಯಿರಬೇಕೆಂಬುದು ಇದರ ಆಶಯ, ಅದು ಯುಕ್ತವೇ. ಆದರೆ ಹೊಗೆಯ ಸೂಕ್ಷ್ಮಕಣಗಳು ಶ್ವಾಸಕೋಶದ ತಳವನ್ನು ಮುಟ್ಟಿ ರಕ್ತವನ್ನು ಸೇರಿ ಮಾಡುವ ಕೆಲಸ ಪಂಚಾಂಗವನ್ನು ನೋಡಿ ನಡೆಯುವುದಿಲ್ಲ. ಕೆಲವು ರೋಗಗಳು ಇಪ್ಪತ್ತು ವರ್ಷ ಹೊಂಚುಹಾಕಿ ಕುಳಿತು ಬರುವುವು. ಅತ್ತ ದಾವೆ ಹೂಡುವವನಿಗೆ ಹೀಗೆ ಅವಧಿಯ ಬಿಗಿಯಿದ್ದರೆ, ಇತ್ತ ತೆರುವವನಿಗೆ ಅಂಥ ಬಿಗಿ ಕಾಣದು. 2017ರಲ್ಲಿ ಮೂರು ತಿಂಗಳೊಳಗೆ ಕೊಡಬೇಕೆಂದಿದ್ದ ಹಣ ಎಷ್ಟು ಜನಕ್ಕೆ ಸಂದಿದೆಯೆಂದು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಚಾರಿಸಿದಾಗ, ಮೂರು ಸಾವಿರಕ್ಕೂ ಮಿಕ್ಕ ಪೀಡಿತರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದ ಎಂಟು ಮಂದಿಗೆ ಮಾತ್ರ ಸಂದಿದ್ದುದು ಹೊರಬಿದ್ದಿತು. ನ್ಯಾಯಾಲಯವು ಕಟುವಾಗಿ ನುಡಿದು, ಆ ಎಂಟು ಮಂದಿಗೆ ಖರ್ಚಿಗಾಗಿ ತಲಾ 50,000 ರೂಪಾಯಿ ಕೊಡಿಸಿತು. ಭೋಪಾಲದವರ ಸಂಗತಿಯೂ ಹೀಗೆಯೇ. 1989ರಲ್ಲಿ 47 ಕೋಟಿ ಡಾಲರಿಗೆ ಒಪ್ಪಂದವಾಯಿತು; ಅದು ಸಾಲದೆಂಬ ಕಡೆಯ ಅರ್ಜಿ ತಳ್ಳಿಹೋದುದು 2023ರಲ್ಲಿ. ಹಾಸಿಗೆ ಹಿಡಿದವನಿಗೆ ವಿಳಂಬವೆಂಬುದು ನ್ಯಾಯದ ಒಂದು ದೋಷ ಮಾತ್ರವಾಗಿರದೆ, ಮೊದಲನೆಯ ಕೇಡಿನ ಮೇಲೆ ಬಿದ್ದ ಎರಡನೆಯ ಕೇಡೇ ಆಗುವುದು.

ಕೊನೆಯದಾಗಿ, ಹಣದಿಂದ ಆಗತಕ್ಕದ್ದೇನೆಂಬ ಪ್ರಶ್ನೆ. ಉಸಿರಿಗೆ ಬೆಲೆ ಕಟ್ಟಲಾಗದೆಂದು ಹೇಳಿ ಏನನ್ನೂ ಕೊಡದೆ ಇರುವುದು ಕಪಟ. ಇಷ್ಟು ಲಕ್ಷ ಕೊಟ್ಟೆವು, ಲೆಕ್ಕ ತೀರಿತು ಎನ್ನುವುದು ಒರಟುತನ. ಕೊಕ್ಕಡದಂಥ ಊರಿನಲ್ಲಿ ಮೂವತ್ತು ವರ್ಷದ ಮಗನಿಗೆ ತುತ್ತು ತಿನ್ನಿಸಿ ಬಟ್ಟೆ ಬದಲಿಸುವ ಎಪ್ಪತ್ತು ವರ್ಷದ ತಾಯಿಯ ಮನಸ್ಸಿನಲ್ಲಿರುವ ಪ್ರಶ್ನೆ ಮೊತ್ತದ್ದಲ್ಲ, "ನನ್ನ ಬಳಿಕ ಇವನಿಗೆ ಯಾರು?" ಎಂಬುದು. ಹಣದ ಗಂಟು ಈ ಪ್ರಶ್ನೆಗೆ ಅರ್ಧ ಉತ್ತರ. ಆಯುಷ್ಯವಿರುವಷ್ಟು ಕಾಲದ ಪಾಲನೆಯ ಭರವಸೆ ಉಳಿದರ್ಧ. ಇವೆರಡರ ಜೊತೆಗೆ ಮೂರನೆಯದೊಂದು ಬೇಕು: ಆದುದು ವಿಧಿಯಲ್ಲ, ಕರ್ಮವಲ್ಲ, ಮನುಷ್ಯರು ಮಾಡಿದ ಕೇಡು ಎಂಬ ಬಹಿರಂಗವಾದ ಒಪ್ಪಿಗೆ. ಅನೇಕ ಮನೆಗಳು ತಮ್ಮ ಮಕ್ಕಳ ಸ್ಥಿತಿಗೆ ನಾಗದೋಷವನ್ನೂ ಪೂರ್ವಜನ್ಮವನ್ನೂ ಹಳಿದುಕೊಂಡು ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡಿದ್ದುವು. ನ್ಯಾಯಾಲಯದ ತೀರ್ಪಿನಲ್ಲಿ ಆ ಮಕ್ಕಳಿಗೆ "ಪೀಡಿತರು" ಎಂಬ ಹೆಸರು ಬಂದಾಗ ತಾಯಂದಿರ ತಲೆಯ ಮೇಲಿಂದ ಇಳಿದ ಹೊರೆಯ ತೂಕ ಯಾವ ಕಾಯಿದೆಯ ಪರಿಶಿಷ್ಟದಲ್ಲಿಯೂ ಬರೆದಿಲ್ಲ.

ದಾವೆಯೆಂಬುದು ಕೇಡಾದ ಮೇಲಿನ ಮಾತು. ಅದಕ್ಕೆ ಮೊದಲಿನ ಮಾತೊಂದು ಈ ಸೀಮೆಯ ಒಕ್ಕಲು ಮನೆಗಳಿಗೆ ಹಳೆಯದಾಗಿ ತಿಳಿದೇ ಇದೆ. ತೋಟದ ಬದಿಯಲ್ಲಿ ಸುಡುಮಣ್ಣಿಗೆ ಬೆಂಕಿಯಿಡುವ ಹಿರಿಯರು ಮೊದಲು ಗಾಳಿ ಯಾವ ಕಡೆಗೆಂದು ನೋಡುವರು. ನೆರೆಮನೆಯಲ್ಲಿ ಬಾಣಂತಿಯಿದ್ದರೆ ಆ ದಿನ ಬೆಂಕಿಯಿಡುವುದಿಲ್ಲ. ಅಡಕೆಗೆ ಮೈಲುತುತ್ತಿನ ಮದ್ದು ಬಿಡುವಾಗ ನೆರೆಯವರ ಬಾವಿಗೆ ಬೀಳದಂತೆ ಎಚ್ಚರ ವಹಿಸುವವರು ಇಂದಿಗೂ ಉಂಟು. ಇದನ್ನು ಅವರಿಗೆ ಯಾವ ನ್ಯಾಯಮಂಡಳಿಯೂ ಕಲಿಸಲಿಲ್ಲ. ನಿಗಮವು, ನಗರವು, ರಾಜ್ಯವು ಕಳೆದುಕೊಂಡುದು ಈ ಸಣ್ಣ ವಿವೇಕವನ್ನೇ. ಹೆಲಿಕಾಪ್ಟರಿನ ಎತ್ತರದಿಂದ ಬಾಣಂತಿಯ ಕೋಣೆ ಕಾಣುವುದಿಲ್ಲ. ಕಾಣದ ಎತ್ತರಕ್ಕೆ ಏರಿದವನು ಕಾಣುವವರನ್ನು ಕೇಳಿಯಾದರೂ ಕೈಯಾಡಿಸಬೇಕು. ಕೇಳದೆ ಸುರಿದವನು ಮುಂದೊಂದು ದಿನ ಲೆಕ್ಕ ಕೇಳುವವರ ಎದುರಿನಲ್ಲಿ ನಿಲ್ಲಬೇಕಾಗುವುದು. ಆ ಲೆಕ್ಕವನ್ನು ಬೇಗನೆ ಕೇಳುವ ನ್ಯಾಯಸ್ಥಾನವೂ, ಕೇಳುವವನ ಬೆನ್ನಿಗೆ ನಿಲ್ಲುವ ನೆರೆಹೊರೆಯೂ ಇರುವ ನಾಡಿನಲ್ಲಿ ಮಾತ್ರ ಬೆಂಕಿಯಿಡುವ ಕೈ ಗಾಳಿಯ ಕಡೆಗೊಮ್ಮೆ ನೋಡುವುದು.